ಉಪ್ಪು ನೀರಿನ ಚಿಕ್ಕಮ್ಮ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಗಂಗಚಿಕ್ಕಮ್ಮ ಒಂದು ಕೊಡ ಬೋರಿನ ಸವಳು ನೀರಿಗೆ ಹಿಡಿ ಕಲ್ಲುಪ್ಪು ಹಾಕಿಕೊಂಡು ಮನೆಯ ಹಿಂದಿನ ಹೊಲಕ್ಕೆ ಹೋಗುತ್ತಿದ್ದಳು. ಪಂಪ್‌ಸೆಟ್ಟಿನ ಪಕ್ಕದಲ್ಲಿ, ಸೋರಿದ ಕರೆಂಟನ್ನು ಭೂಮಿಗಿಳಿಸಲು ತೋಡಿದ್ದ ಅರ್ಥಿಂಗ್ ಗುಂಡಿಗೆ ಅದನ್ನು ನಿಧಾನಕ್ಕೆ ಸುರಿಯುತ್ತ, "ಕುಡೀರಿ, ಕುಡೀರಿ. ಇನ್ನೂ ಐತೆ" ಎನ್ನುತ್ತಿದ್ದಳು. ಗುಂಡಿ ಗುಳುಗುಳು ಸದ್ದು ಮಾಡಿ ನೀರೆಳೆದುಕೊಳ್ಳುವಾಗ ವಿಜ್ಞಾನದ ಮೇಷ್ಟ್ರಾದ ನನಗೂ ಮೈ ಜುಮ್ಮೆನ್ನುತ್ತಿತ್ತು.

ಚಿಕ್ಕಮ್ಮನ ಊರು ಸೊಕ್ಕೆ. ಆ ಕಡೆಯ ಮಣ್ಣು ಬೇಸಿಗೆಯಲ್ಲಿ ಹೆಂಚಿನಂತೆ ಒಣಗುತ್ತದೆ. ಅಂಥದೊಂದು ಬೇಸಿಗೆಯಲ್ಲಿ ಮೋಟಾರು ಹಾಕಲು ಹೋದ ಚಿಕ್ಕಪ್ಪ ಕಬ್ಬಿಣದ ಸ್ಟಾರ್ಟರ್ ಡಬ್ಬಿ ಮುಟ್ಟಿದವರು ಮತ್ತೆ ಕೈ ತೆಗೆಯಲಿಲ್ಲ. ಡಬ್ಬಿಗೆ ಸೋರಿದ ಕರೆಂಟು ತಂತಿ ಹಿಡಿದು ಗುಂಡಿಯವರೆಗೆ ಬಂದರೂ ಒಣಮಣ್ಣು ದಾರಿ ಕೊಟ್ಟಿರಲಿಲ್ಲ. ಅದು ಚಿಕ್ಕಪ್ಪನ ಮೈಯೊಳಗಿಂದ ಭೂಮಿಗಿಳಿಯಿತು. ಲೈನ್‌ಮನ್ ಇದನ್ನು ವಿವರಿಸಿದಾಗ ಚಿಕ್ಕಮ್ಮ ತನ್ನದೇ ಅರ್ಥ ಮಾಡಿಕೊಂಡಳು. "ಅದಕ್ಕೆ ಬಾಯಾರಿತ್ತು. ನಾವು ನೀರು ಕೊಡಲಿಲ್ಲ. ಅವರನ್ನ ಕುಡೀತು."

ಹಾಗಾದರೆ ಅಷ್ಟು ಮರ್ಯಾದೆಯಿಂದ "ಕುಡೀರಿ" ಎನ್ನುತ್ತಿದ್ದುದು ಗುಂಡಿಗೋ, ಗಂಡನಿಗೋ? ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಬೇರೆಲ್ಲ ಹೊತ್ತಿನಲ್ಲಿ ಮಹಾ ತಮಾಷೆಯ ಹೆಂಗಸು. ಜಗಳೂರಿನ ನಮ್ಮ ಮನೆಗೆ ಬಂದರೆ, "ಏನ್ರೀ ಮೇಷ್ಟ್ರೇ, ಹುಡುಗ್ರಿಗೆ ಬೈಯಾಕೂ ಸಂಬಳ ಕೊಡ್ತಾರೇನು?" ಎಂದು ಕಾಲೆಳೆಯುತ್ತಿದ್ದಳು. ಒಮ್ಮೆ ಅವಳಿಗೆ ಬ್ಯಾಟರಿ, ಪುಟ್ಟ ಬಲ್ಬು ಇಟ್ಟು ಪ್ರಯೋಗ ತೋರಿಸಿದೆ. ತಂತಿಗೆ ತಂತಿ ತಾಗಿಸಿದರೆ ಬಲ್ಬು ಹೊತ್ತಿತು. ಎರಡನ್ನೂ ಫಿಲ್ಟರ್ ನೀರಿಗೆ ಅದ್ದಿದರೆ ಹೊತ್ತಲಿಲ್ಲ. ಉಪ್ಪು ಹಾಕಿ ಕಲಕಿದೆ, ಕೆಂಪಗೆ ಮಿಣುಕಿತು.

"ಲೋಹದೊಳಗೆ ಎಲೆಕ್ಟ್ರಾನು ಓಡ್ತವೆ, ಲೋಹ ನಿಂತಲ್ಲೇ ಇರ್ತೈತೆ. ನೀರಿನಾಗೆ ಹಂಗಲ್ಲ ಚಿಕ್ಕಮ್ಮ. ಕರಗಿದ ಉಪ್ಪಿನ ಕಣಗಳೇ ಕರೆಂಟು ಹೊತ್ಕೊಂಡು ನಡೀತವೆ" ಎಂದೆ.

ಅವಳು ನಗಲಿಲ್ಲ. ಬೆವೆತಿದ್ದ ತನ್ನ ಮುಂಗೈಯನ್ನು ನಾಲಿಗೆಯಿಂದ ಮುಟ್ಟಿ ನೋಡಿದಳು. "ನಮ್ಮೊಳಗೂ ಉಪ್ಪೈತಲ್ಲೋ. ಅದಕ್ಕೇ ನಾವು ಅದಕ್ಕೆ ರುಚಿ."

ಈ ಬೇಸಿಗೆಯಲ್ಲಿ ಚಿಕ್ಕಮ್ಮ ಹಾಸಿಗೆ ಹಿಡಿದಳು. ಗುಂಡಿಗೆ ನೀರು ಹಾಕುವ ಕೆಲಸ ಸೊಸೆ ಶೋಭಾಳ ಪಾಲಿಗೆ ಬಂತು. ಒಂದು ಮಧ್ಯಾಹ್ನ ನೋಡಲು ಹೋಗಿ ಪಕ್ಕದಲ್ಲಿ ಕೂತಿದ್ದೆ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ, "ಶೋಭಾ, ಅಲ್ಲಿಗೆ ಯಾವ ನೀರು ಹಾಕಾಕತ್ತೀಯೇ?" ಎಂದಳು.

"ಫಿಲ್ಟರ್ ನೀರು ಕಣತ್ತೆ. ಮಾವಾರಿಗೆ ಸವಳು ನೀರು ಹೆಂಗೆ ಕೊಡ್ಲಿ? ಅವರೂ ಒಂದೀಟು ಸಿಹಿ ನೀರು ಕುಡೀಲಿ ಅಂತ..."

ಊರವರೆಲ್ಲ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದಿಂದ ತರುವ ನೀರನ್ನು ಪುಣ್ಯಾತ್ಗಿತ್ತಿ ಸತ್ತ ಮಾವನಿಗೂ ಕೊಟ್ಟಿದ್ದಳು. ಅದು ದಿನದಿನವೂ ಗುಂಡಿಯ ಉಪ್ಪನ್ನು ತೊಳೆದು ಕೆಳಗಿಳಿಸಿತ್ತು.

ಮಗ್ಗುಲು ಬದಲಿಸಲೂ ಇಬ್ಬರು ಬೇಕಾಗಿದ್ದ ಚಿಕ್ಕಮ್ಮ ತಾನೇ ಎದ್ದು ಕೂತಳು. "ನಾಗ ಎಲ್ಲಿ? ಅದು ಬಾಯಿ ತಕ್ಕೊಂಡು ಕುಂತೈತೆ. ಓಡೋ!"

ಅವಳ ಮಗ ನಾಗರಾಜ ಆಗಷ್ಟೇ ಮೋಟಾರು ಹಾಕಲು ಹೊರಟಿದ್ದ. ನಾನು ಎದ್ದುಬಿದ್ದು ಓಡಿದೆ. ಅವನ ಕೈ ಡಬ್ಬಿಗೆ ಗೇಣು ದೂರದಲ್ಲಿತ್ತು. "ಮುಟ್ಟಬ್ಯಾಡೋ!" ಎಂದು ಕಿರುಚಿದೆ. ಡಬ್ಬಿಗೆ ಟೆಸ್ಟರ್ ತಾಗಿಸಿದೆವು, ಕರೆಂಟು ಇದೆಯೆಂದು ಕೆಂಪಗೆ ಹೊತ್ತಿಕೊಂಡಿತು. ಡಬ್ಬಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಯಾವ ನೀರು ಎಂಬ ಪ್ರಶ್ನೆಯನ್ನು ಚಿಕ್ಕಮ್ಮ ಆ ಹೊತ್ತಿಗೇ ಯಾಕೆ ಕೇಳಿದಳು ಎನ್ನುವುದಕ್ಕೆ ನನ್ನ ಯಾವ ಪಾಠದಲ್ಲೂ ಉತ್ತರವಿಲ್ಲ. ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ನಾವು ಮನೆಗೆ ಬರುವಷ್ಟರಲ್ಲಿ ಶೋಭಾ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಚಿಕ್ಕಮ್ಮ ಮಗನ ಕೈ ಹಿಡಿದು, ಬೆರಳು ಬೆರಳನ್ನೂ ತಡವಿ ನೋಡಿದಳು.

"ಬೆಚ್ಚಗೈತೆ" ಎಂದಳು.

ನಾಗರಾಜ ಚಮಚದಿಂದ ಅವಳ ಬಾಯಿಗೆ ನೀರು ಬಿಟ್ಟ. ಒಂದು ಗುಟುಕು ಒಳಗೆ ಹೋಯಿತು, ಉಳಿದದ್ದು ಕಟಬಾಯಿಯಿಂದ ಇಳಿಯಿತು.