ಏನಂದ್ರಿ ದುರುಗಪ್ಪ

ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗೌಸ್‌ಪೀರ್ ಅವರ ರಿಪೇರಿ ಅಂಗಡಿ ಇದೆ. ಈಗ ಅಲ್ಲಿಗೆ ಬರುವುದು ಹೆಚ್ಚಾಗಿ ಮಿಕ್ಸಿ, ಫ್ಯಾನು, ಕೆಟ್ಟ ಸೆಟ್‌ಟಾಪ್ ಬಾಕ್ಸು. ಮೂವತ್ತೈದು ವರ್ಷದ ಹಿಂದೆ ಸುತ್ತಲ ಹಳ್ಳಿಗಳ ಮಾಳಿಗೆ ಹತ್ತಿ ಆಂಟೆನಾ ನಿಲ್ಲಿಸಿದವರು ಅವರೇ. ಮೇಲೆ ನಿಂತು ಪೈಪು ತಿರುಗಿಸುತ್ತಾ ‘ಬಂತಾ?’ ಎಂದು ಕೂಗುವುದು, ಕೆಳಗಿನಿಂದ ‘ಬಂತು, ಬಂತು, ಅಯ್ಯೋ ಹೋತು’ ಎಂದು ಉತ್ತರ ಬರುವುದು. ಆ ದಿನಗಳ ಮಾತೆತ್ತಿದರೆ ಸಾಕು, ಅವರ ಮುಖ ಅರಳುತ್ತಿತ್ತು. ಹೋದ ಯುಗಾದಿ ಕಳೆದ ಮೇಲೆ ಅವರು ಆ ಮಾತು ಎತ್ತುವುದನ್ನೇ ಬಿಟ್ಟಿದ್ದಾರೆ.

ಆಗ ಬುಧವಾರ ಸಂಜೆ ದೂರದರ್ಶನದಲ್ಲಿ ಒಂದು ನಗೆ ಧಾರಾವಾಹಿ ಬರುತ್ತಿತ್ತು. ಗೌಸ್‌ಪೀರ್ ಅಂಗಡಿಯ ಟಿವಿಯನ್ನು ಬೀದಿಗೆ ಮುಖ ಮಾಡಿ ಇಡುತ್ತಿದ್ದರು. ಓಣಿಯವರೆಲ್ಲ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಧಾರಾವಾಹಿಯಲ್ಲಿ ಸರ್ಕಾರಿ ಕಚೇರಿಯ ಜವಾನನೊಬ್ಬನಿದ್ದ. ಅವನಿಗೆ ಕಿವಿ ಮಂದ. ಸಾಹೇಬರು ಏನೇ ಹೇಳಲಿ, ಕಿವಿಗೆ ಕೈ ಹಚ್ಚಿ ‘ಏನಂದ್ರಿ?’ ಎನ್ನುತ್ತಿದ್ದ. ಫೈಲು ಕೇಳಿದರೆ ಬೈಲಿಗೆ ಹೋಗಿ ನಿಲ್ಲುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹಿಟ್ಟಿನ ಗಿರಣಿಯ ದುರುಗಪ್ಪನವರೂ ಬರುತ್ತಿದ್ದರು. ಹನ್ನೆರಡನೇ ವಯಸ್ಸಿನಿಂದ ಗಿರಣಿಯ ಸದ್ದಿನಲ್ಲೇ ನಿಂತ ಅವರಿಗೆ ಇಪ್ಪತ್ತೈದು ತುಂಬುವಷ್ಟರಲ್ಲಿ ಕಿವಿ ಮಂದವಾಗತೊಡಗಿತ್ತು. ರೆಪ್ಪೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದು ಟಿವಿಗೆ ತೀರಾ ಹತ್ತಿರ ಕೂರುತ್ತಿದ್ದರು. ಒಂದು ಬುಧವಾರ ಗೌಸ್‌ಪೀರ್ ದುರುಗಪ್ಪನವರಿಗೆ, “ಸ್ವಲ್ಪ ಹಿಂದಕ್ಕೆ ಸರಿಯಪ್ಪ, ಹಿಂದಿನೋರಿಗೆ ಕಾಣಲ್ಲ” ಎಂದರು. ದುರುಗಪ್ಪ ಕಿವಿಗೆ ಕೈ ಹಚ್ಚಿ, “ಏನಂದ್ರಿ?” ಎಂದರು.

“ಲೇ, ಟಿವಿ ಒಳಗಿನೋನು ಹೊರಗೇ ಬಂದು ಕೂತಾನಲ್ರೋ!” ಎಂದು ಗೌಸ್‌ಪೀರ್ ಕೂಗಿದರು.

ಬೀದಿಗೆ ಬೀದಿಯೇ ನಕ್ಕಿತು. ದುರುಗಪ್ಪನವರೂ ನಕ್ಕರು. ಮಾರನೆಯ ದಿನ ಗಿರಣಿಗೆ ಹಿಟ್ಟು ಬೀಸಿಸಲು ಹೋದ ಮಕ್ಕಳು ಬಾಗಿಲಲ್ಲೇ ‘ಏನಂದ್ರಿ’ ಎಂದು ಕೂಗಿ ಓಡಿದವು. ಆ ಧಾರಾವಾಹಿ ವರ್ಷದೊಳಗೆ ಮುಗಿಯಿತು, ಹೆಸರು ಉಳಿಯಿತು. ಮದುವೆ ಕರೆಯೋಲೆಯ ಮೇಲೆ ಕೂಡ ಜನ ‘ಏನಂದ್ರಿ ದುರುಗಪ್ಪ’ ಎಂದು ಬರೆಯತೊಡಗಿದರು.

ಹೋದ ವರ್ಷ ಗೌಸ್‌ಪೀರ್ ಅವರ ಮಗಳು ನುಜಹತ್ ಇಂಟರ್‌ನೆಟ್ಟಿನಲ್ಲಿ ಆ ಧಾರಾವಾಹಿಯ ಎರಡು ಕಂತು ಹುಡುಕಿ ಕೊಟ್ಟಳು. ಯಾರೋ ಹಳೇ ಕ್ಯಾಸೆಟ್ಟಿನಿಂದ ಇಳಿಸಿ ಹಾಕಿದ್ದು, ಚಿತ್ರದ ಮೇಲೆಲ್ಲ ಗೆರೆ. ಗೌಸ್‌ಪೀರ್‌ಗೆ ಹರೆಯವೇ ಮರಳಿ ಬಂದಂತಾಯಿತು. ಮೂಲೆ ಸೇರಿದ್ದ ಡಬ್ಬಾ ಟಿವಿಗೆ ಜೀವ ಕೊಟ್ಟು, ಮಗಳ ಲ್ಯಾಪ್‌ಟಾಪಿನಿಂದ ವೈರು ಎಳೆದು, ಒಂದು ಭಾನುವಾರ ಮಧ್ಯಾಹ್ನ ಓಣಿಯ ಹಳಬರನ್ನೆಲ್ಲ ಕರೆದರು. ದುರುಗಪ್ಪನವರ ಮನೆಗೆ ತಾವೇ ಹೋಗಿ, ಕೈಸನ್ನೆ ಮಾಡಿ ಕರೆದುಕೊಂಡು ಬಂದರು. ಚನ್ನಗಿರಿಯಲ್ಲಿ ನರ್ಸ್ ಆಗಿರುವ ದುರುಗಪ್ಪನವರ ಮಗಳು ರಕ್ಷಾ ರಜೆಗೆ ಬಂದಿದ್ದಳು. ಅವಳೂ ಜೊತೆಗೆ ಬಂದಳು.

ಕಂತು ಶುರುವಾಯಿತು. ಜವಾನ ಬಂದ. ಕಿವಿಗೆ ಕೈ ಹಚ್ಚಿ ‘ಏನಂದ್ರಿ?’ ಎಂದ. ಮೂವತ್ತು ಜನರ ತಲೆ ಒಟ್ಟಿಗೆ ದುರುಗಪ್ಪನವರ ಕಡೆ ತಿರುಗಿತು. ನಗೆ ಎದ್ದಿತು. ಗೌಸ್‌ಪೀರ್ ಎಲ್ಲರಿಗಿಂತ ಮೊದಲು ನಕ್ಕಿದ್ದರು. ದುರುಗಪ್ಪ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿ, ಆಮೇಲೆ ತಾವೂ ನಕ್ಕರು. ರಕ್ಷಾ ಎದ್ದು ಅಪ್ಪನ ತೋಳು ಹಿಡಿದು, “ನಡಿ ಅಪ್ಪ” ಎಂದಳು.

ಗೌಸ್‌ಪೀರ್ ಹಿಂದೆಯೇ ಹೋದರು. “ಯಾಕಮ್ಮ, ಇನ್ನೂ ಅರ್ಧನೂ ಆಗಿಲ್ಲ. ಸುಮ್ನೆ ತಮಾಷೆಗೆ ಅಲ್ವಾ?”

“ಕಾಕಾ, ನಮ್ಮಪ್ಪ ಒಂದು ಸಲನಾದ್ರೂ ‘ಏನಂದ್ರಿ’ ಅಂದಿದ್ದು ಈಚೆಗೆ ಕೇಳೀರಾ?”

ಗೌಸ್‌ಪೀರ್ ಯೋಚಿಸಿದರು. ಕೇಳಿದ ನೆನಪಿರಲಿಲ್ಲ.

“ನಾನು ಹುಟ್ಟಿದಾಗಿಂದ ಕೇಳಿಲ್ಲ. ಜನ ನಗ್ತಾರೆ ಅಂತ ಆ ಮಾತೇ ಬಿಟ್ಟಾರೆ. ಯಾರು ಏನೇ ಹೇಳಲಿ, ಗೋಣು ಹಾಕ್ತಾರೆ. ನನ್ನ ನರ್ಸಿಂಗ್ ಅರ್ಜಿಗೆ ಸೋಮವಾರ ಕೊನೆ ದಿನ ಅಂತ ಮೇಷ್ಟ್ರು ಅಪ್ಪನಿಗೇ ಹೇಳಿದ್ರು. ಅಪ್ಪ ಗೋಣು ಹಾಕಿ ಬಂದ್ರು, ಕೇಳಿಸಿರಲಿಲ್ಲ. ನಾನು ಒಂದು ವರ್ಷ ಮನೆಯಾಗೆ ಕೂತೆ. ಕಿವಿ ಮಿಷಿನ್ ಹಾಕ್ಕಳಪ್ಪ ಅಂದ್ರೆ, ಅದನ್ನ ಕಂಡು ಇನ್ನೊಂದು ಹೆಸರು ಇಡ್ತಾರೆ ಅಂತಾರೆ.”

ಅವಳು ದನಿ ಏರಿಸಲಿಲ್ಲ. ಅವಳ ಪಕ್ಕದಲ್ಲಿ ದುರುಗಪ್ಪ, ಮಾತು ಯಾವುದರ ಬಗ್ಗೆ ಎಂದು ತಿಳಿಯದೆ, ಗೌಸ್‌ಪೀರ್ ಅವರನ್ನು ನೋಡಿ ಗೋಣು ಹಾಕುತ್ತಿದ್ದರು.

ಗೌಸ್‌ಪೀರ್ ಅಂಗಡಿಗೆ ಮರಳಿ ಟಿವಿಯ ಪ್ಲಗ್ ಕಿತ್ತರು. ಜನ ಗೊಣಗಿದರು. “ಪಿಕ್ಚರ್ ಟ್ಯೂಬ್ ಹೋತು” ಎಂದು ಸುಳ್ಳು ಹೇಳಿದರು. ಅವರ ನಾಚಿಕೆಗೆ ಮೊದಲ ಕಾರಣ ಆ ಹೆಸರಲ್ಲ. ಮೂವತ್ತೈದು ವರ್ಷ ಎದುರು ಬದುರು ಓಡಾಡಿಯೂ, ಮನುಷ್ಯನೊಬ್ಬ ತಿರುಗಿ ಕೇಳುವುದನ್ನೇ ನಿಲ್ಲಿಸಿದ್ದು ತಮ್ಮ ಗಮನಕ್ಕೇ ಬಂದಿರಲಿಲ್ಲ. ಅವರಿಗೆ ‘ದುರುಗಪ್ಪ ಒಳ್ಳೆ ಮನುಷ್ಯ, ಯಾವುದಕ್ಕೂ ಇಲ್ಲ ಅನ್ನಲ್ಲ’ ಎಂದೇ ಅನಿಸಿತ್ತು.

ಮಾರನೆಯ ಬೆಳಿಗ್ಗೆ ದುರುಗಪ್ಪನವರ ಮನೆಗೆ ಹೋದರು. ದುರುಗಪ್ಪ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗೌಸ್‌ಪೀರ್ ಪಕ್ಕದಲ್ಲಿ ಕೂತು, ನೆಲ ನೋಡುತ್ತಾ, ಮೆಲ್ಲಗೆ “ನನ್ನಿಂದ ತಪ್ಪಾತು ದುರುಗಪ್ಪ” ಎಂದರು. ದುರುಗಪ್ಪ ಗೋಣು ಹಾಕಿದರು. ಒಂದು ಹಿಡಿ ಕಾಳು ತೆಗೆದು ಕೊಟ್ಟರು. ಗೌಸ್‌ಪೀರ್ ಹಗುರಾಗಿ ಎದ್ದು ಬಂದರು. ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಕಾಲು ನಿಂತಿತು. ದುರುಗಪ್ಪನವರಿಗೆ ಕೇಳಿಸಿರಲಿಲ್ಲ. ಕೇಳಿಸಿರಲಾರದು ಎಂಬುದು ತಮಗೂ ಗೊತ್ತಿತ್ತು. ಗೊತ್ತಿದ್ದೇ ಮೆಲ್ಲಗೆ ಹೇಳಿದ್ದರು.

ಕೈಯಲ್ಲಿ ಕಾಳು ಹಿಡಿದುಕೊಂಡೇ ತಿರುಗಿ ಹೋದರು. ಈ ಸಲ ಎದುರಿಗೆ ನಿಂತು ಗಂಟಲು ತೆರೆದು ಕೂಗಿದರು: “ದುರುಗಪ್ಪ! ಆ ಹೆಸರು ಇಟ್ಟೋನು ನಾನು! ನಂದು ತಪ್ಪಾತು!”

ಎದುರು ಮನೆಯ ಕರಿಬಸಮ್ಮ ಪೊರಕೆ ಹಿಡಿದುಕೊಂಡೇ ಹೊರಗೆ ಬಂದರು. ಹಾಲಿಗೆ ಹೊರಟವರು ಸೈಕಲ್ ನಿಲ್ಲಿಸಿದರು. ಗೌಸ್‌ಪೀರ್ ಅವರ ಕಿವಿ ಕಾದು ಕೆಂಪಾಯಿತು. ಇನ್ನೊಮ್ಮೆ ಕೂಗಿದರು.

ದುರುಗಪ್ಪ ಮೊರವನ್ನು ಪಕ್ಕಕ್ಕಿಟ್ಟರು. “ಅವತ್ತು ನಾನೂ ನಕ್ಕಿದ್ದೆ ಗೌಸಣ್ಣ” ಎಂದರು. “ನಗದಿದ್ರೆ ಸಿಟ್ಟು ಮಾಡ್ಕಂಡ ಅಂತೀರಿ ಅಂತ ನಕ್ಕೆ. ನನಗೆ ಅಂದಿದ್ದು ಹೆಂಗೋ ನಡೀತು. ಹುಡುಗಿದು ಒಂದು ವರ್ಷ ಹೋತಲ್ಲ, ಅದನ್ನ ಎಲ್ಲಿಂದ ತರ್ತಿ?”

ದುರುಗಪ್ಪ ಉತ್ತರಕ್ಕೆ ಕಾಯದೆ, “ಕೂತ್ಕ, ಚಾ ಕುಡಿ” ಎಂದರು. ಹೋಗಲಿ ಬಿಡು ಎಂದು ಮಾತ್ರ ಅನ್ನಲಿಲ್ಲ.

ಬೀದಿಯಲ್ಲಿ ಕೂಗಿದ್ದು ಊರೆಲ್ಲ ಹಬ್ಬಿತು. ಮುಂದಿನ ತಿಂಗಳು ರಕ್ಷಾ ಅಪ್ಪನನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು. ಇಷ್ಟು ವರ್ಷ ಬೇಡವೆಂದವರು ಈ ಸಲ ಯಾಕೆ ಹೊರಟರೋ, ಅವರು ಯಾರಿಗೂ ಹೇಳಲಿಲ್ಲ. ತಮ್ಮಿಂದಲೇ ಎಂದುಕೊಳ್ಳುವ ಧೈರ್ಯ ಗೌಸ್‌ಪೀರ್‌ಗೆ ಇಲ್ಲ. ಅಂಗಡಿಯಲ್ಲಿ ಯಾರಾದರೂ ಹಳೇ ಹೆಸರು ಎತ್ತಿದರೆ ಅವರು ತಡೆಯುತ್ತಾರೆ. “ಇಟ್ಟೋರು ನೀವೇ ಅಲ್ವೇನ್ರೀ?” ಎಂದು ಜನ ನಗುತ್ತಾರೆ. “ಹೌದು, ನಾನೇ” ಎನ್ನುತ್ತಾರೆ. ಹೆಸರು ಮಾತ್ರ ಹೋಗಿಲ್ಲ.

ಮೊನ್ನೆ ದುರುಗಪ್ಪ ಕೆಟ್ಟ ಟೇಬಲ್ ಫ್ಯಾನು ಹಿಡಿದು ಅಂಗಡಿಗೆ ಬಂದಿದ್ದರು. ಕಿವಿಯ ಹಿಂದೆ ಸಣ್ಣ ಮಿಷಿನ್ ಇತ್ತು. ಗೌಸ್‌ಪೀರ್ ಎದ್ದು ಎದುರಿಗೆ ನಿಂತು, “ನಾಳೆ ಸಂಜೆ ಕೊಡ್ತೀನಿ” ಎಂದರು. ಅದೇ ಹೊತ್ತಿಗೆ ಬಸ್ಸೊಂದು ಹಾರ್ನ್ ಹೊಡೆದು ಮಾತು ಮುಚ್ಚಿಹೋಯಿತು. ದುರುಗಪ್ಪ ಗೋಣು ಹಾಕಿ ಹೊರಟವರು ಮೆಟ್ಟಿಲ ಬಳಿ ನಿಂತು, ತಿರುಗಿ ನೋಡಿ, “ಯಾವಾಗ ಅಂದೆ?” ಎಂದು ಕೇಳಿದರು.

“ನಾಳೆ. ನಾಳೆ ಸಂಜೆ.”

“ಆತು.” ದುರುಗಪ್ಪ ಇಳಿದು ಹೋದರು. ಗೌಸ್‌ಪೀರ್ ಫ್ಯಾನು ಬಿಚ್ಚಲು ಕೂತರು. ಕಣ್ಣು ಮಂಜಾಗಿ ಸ್ಕ್ರೂ ಕಾಣಲಿಲ್ಲ.