ಕಂಪ್ಯೂಟರಿನ ವಾಟ್ನಿ

ನನ್ನ ಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಮೊದಲು ಇತ್ತು. ಒಂಬತ್ತು ವರ್ಷಗಳ ಹಿಂದೆ ನಮ್ಮ ಬನಹಟ್ಟಿಯ ಮನೆ ವಾಟ್ನಿಯಾದಾಗ, ಅಂದರೆ ಅಪ್ಪ ಮತ್ತು ಅವರ ತಮ್ಮ ಕಾಕಾ ಪಾಲು ಹಂಚಿಕೊಂಡು ನಡುವೆ ಗೋಡೆ ಎಬ್ಬಿಸಿದಾಗ, ಕಾಕಾನ ಪಾಲಿಗೆ ಬಂದ ದೊಡ್ಡ ಅಲಮಾರು ನನ್ನ ಕೋಣೆಯಿಂದ ಹೊರಬೀಳಲೆಂದು ಕದ ಬಿಚ್ಚಿದರು. ಕದವನ್ನು ಮರಳಿ ಕೂಡಿಸಿದರು, ಚಿಲಕವನ್ನು ಮರೆತರು. ಹುಡುಗಿಯ ಕೋಣೆಗೆ ಚಿಲಕ ಯಾತಕ್ಕೆ ಎಂದು ಯಾರೂ ಅನ್ನಲಿಲ್ಲ. ಬೇಕು ಎಂದು ನಾನೂ ಅನ್ನಲಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಓದಿದವಳು, ಹೀಗಾಗಿ ಸರಳ ದಾರಿ ಹೊಳೆಯಲಿಲ್ಲ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಪಕ್ಕಕ್ಕೆ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಕೂಡಿಸಿ, ಡಿಸ್ಕಿನ ಅರ್ಧ ಭಾಗ ಬೇರೆ ಮಾಡಿ, ಪಾಸ್‌ವರ್ಡ್ ಹಾಕಿಕೊಂಡು ಅಲ್ಲಿ ವಾಸಿಸತೊಡಗಿದೆ.

ಅದು ಧಾರವಾಡದ ಓದಿಗಾಗಿ ಎಂದು ಮನೆಯಲ್ಲಿ ಹೇಳಿದ್ದೆ. ಸುಳ್ಳಲ್ಲ, ಓದಿನದೂ ಒಂದು ಫೈಲು ಇತ್ತು. ಉಳಿದದ್ದು ದಿನಚರಿ. ಹಗಲು ಹೊತ್ತಿನಲ್ಲಿ ನುಂಗಿಕೊಂಡ ಉತ್ತರಗಳನ್ನೆಲ್ಲ ಅಲ್ಲಿ ದಿನಾಂಕ ಸಮೇತ ಇಡುತ್ತಿದ್ದೆ. ಜಮಖಂಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಸಿಕ್ಕು ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದ ಮೇಲೂ ಈ ‘ಅಧ್ಯಯನ’ ಮುಗಿಯಲಿಲ್ಲ. ಅವ್ವ ಬಂದವರಿಗೆಲ್ಲ, ಮಗಳು ಇನ್ನೂ ಓದುತ್ತಾಳೆ ಎಂದು ಅಭಿಮಾನದಿಂದ ಹೇಳುತ್ತಿದ್ದಳು. ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಎರಡು ವ್ಯವಸ್ಥೆಗಳಿರುವ ಕಂಪ್ಯೂಟರು ಚಾಲೂ ಮಾಡಿದೊಡನೆ ಯಾರ ಮನೆಗೆ ಹೋಗಬೇಕು ಎಂದು ಕೇಳುತ್ತದೆ. ಯೋಚಿಸಲು ಹತ್ತು ಸೆಕೆಂಡು ಕೊಡುತ್ತದೆ, ಉತ್ತರ ಬರದಿದ್ದರೆ ತಾನೇ ಆರಿಸಿಕೊಳ್ಳುತ್ತದೆ. ಮಾವಿನಕಾಯಿ ಉಪ್ಪಿನಕಾಯಿ ಹಾಕುವುದೋ ಬೇಡವೋ ಎಂಬುದನ್ನೇ ಎರಡು ವಾರ ಚರ್ಚಿಸುವ ಮನೆಗೆ ಈ ಹತ್ತು ಸೆಕೆಂಡು ಅವಮಾನವೇ ಸರಿ. ನಿವೃತ್ತ ಕನ್ನಡ ಮಾಸ್ತರರಾದ ಅಪ್ಪ ಗುಂಡಿ ಒತ್ತಿ, ಕನ್ನಡಕ ಹುಡುಕಲು ಹೋಗಿ, ಹಿಂತಿರುಗುವಷ್ಟರಲ್ಲಿ ಯಂತ್ರ ನನ್ನ ಬಾಗಿಲಿಗೆ ಬಂದು ನಿಂತು ಪಾಸ್‌ವರ್ಡ್ ಕೇಳುತ್ತಿತ್ತು. ಕೂಡಲೇ ಜಮಖಂಡಿಗೆ ಫೋನು. “ಮತ್ತ ನಿನ್ನ ಮನಿಗೆ ಬಂದೇನಿ ನೋಡವ್ವ, ಹೊರಗ ಕಳಸು.”

ಅಪ್ಪ ನಾಲ್ಕು ವರ್ಷಗಳಿಂದ ನಮ್ಮ ಓಣಿಯ ನೇಕಾರರ ಮಾತುಗಳನ್ನು ಕೂಡಿಹಾಕಿ ಒಂದು ಪದಕೋಶ ಬೆರಳಚ್ಚಿಸುತ್ತಿದ್ದಾರೆ. ಪ್ರತಿ ಪದಕ್ಕೂ ಒಂದು ಧ್ವನಿಮುದ್ರಣ, ನಾಲ್ಕು ಫೋಟೊ. ಅವರ ಅರ್ಧದಲ್ಲಿ ಜಾಗ ಮುಗಿಯಿತು. ನನ್ನ ಅರ್ಧ ಹೆಚ್ಚುಕಡಿಮೆ ಖಾಲಿ. ನುಂಗಿಕೊಂಡ ಉತ್ತರಗಳು ಜಾಗ ಹಿಡಿಯುವುದಿಲ್ಲ. “ನಿನಗ ತ್ರಾಸ ಆಗೂದಿಲ್ಲಂದ್ರ” ಎಂದು ಅಪ್ಪ ಶುರುಮಾಡಿದಾಗಲೇ ನನ್ನ ಮನೆ ಹೋಯಿತು ಎಂದು ತಿಳಿಯಿತು. ತ್ರಾಸವಿಲ್ಲ ಎಂದೆ. ಅದನ್ನೂ ದಿನಾಂಕ ಸಮೇತ ಬರೆದಿಟ್ಟೆ, ಕೊನೆಯ ಬಾರಿಗೆ.

ಡಿಸ್ಕಿನ ಇಂಥ ಪಾಲಿಗೆ ಕನ್ನಡ ಮಾಸ್ತರರು ಪಾರ್ಟಿಶನ್ ಎನ್ನುವುದುಂಟೆ? ಶುಕ್ರವಾರ ಗೆಳೆಯರೊಬ್ಬರಿಗೆ ಫೋನಿನಲ್ಲಿ, ಮಗಳು ಐತವಾರ ವಾಟ್ನಿ ತೆಗೆದು ಎಲ್ಲ ಒಂದು ಮಾಡುತ್ತಾಳೆ ಎಂದು ಗಟ್ಟಿಯಾಗಿ ಹೇಳಿದರು. ಕಿವಿ ಮಂದವಾದಂತೆ ದನಿ ಏರುತ್ತದೆ. ಬೇರೆ ದಿನವಾಗಿದ್ದರೆ ಗೋಡೆಯಾಚೆ ಕಾಕಾನ ಮಗ್ಗಗಳ ಸದ್ದು ನಮ್ಮ ಮರ್ಯಾದೆ ಕಾಯುತ್ತಿತ್ತು. ಅಂದು ಕರೆಂಟು ಹೋಗಿತ್ತು. ಕಾಕಾನ ಹೆಂಡತಿ ಕಾಕು ಪೂರ್ತಿ ಕೇಳಿಸಿಕೊಂಡಳು.

ಐತವಾರ ಮುಂಜಾನೆ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ವಾಟ್ನಿ ಪತ್ರ ಹಿಡಿದು ಬಂದ. ಒಂಬತ್ತು ವರ್ಷಗಳಲ್ಲಿ ಮದುವೆ, ಮಣ್ಣು ಬಿಟ್ಟು ಇನ್ನೆಲ್ಲಿಯೂ ಅಣ್ಣ ತಮ್ಮ ಎದುರುಬದುರು ಕೂತಿರಲಿಲ್ಲ. ಅವ್ವ ಗಾಬರಿಯಲ್ಲಿ ಎರಡು ಸಲ ಚಹಾ ಕೊಟ್ಟಳು. ಎರಡೂ ಕುಡಿದು ಕಾಕಾ ಕೇಳಿದ.

“ಗ್ವಾಡಿ ಯಾವ ಕಡಿಯಿಂದ ಒಡಸಾಂವ?”

“ಯಾವ ಗ್ವಾಡಿ?” ಅಪ್ಪ ಕೇಳಿದರು.

ವಿಷಯ ಬಿಡಿಸಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಹೇಳಿದೆ. ಕಾಕಾ ಪತ್ರವನ್ನು ಮಡಚಿ ತೊಡೆಯ ಕೆಳಗೆ ಸರಿಸಿಕೊಂಡ. ಸುಮ್ಮನೆ ಎದ್ದು ಹೋದರೆ ಮರ್ಯಾದೆ ಹೋಗುತ್ತದೆಂದು ಪರದೆ ನೋಡುತ್ತ ಕೂತ.

“ಅಂದ್ರ ಇದರಾಗೂ ಬ್ಯಾರೆ ಆಗ್ಯಾರೇನು?”

“ಹೂನ್ರಿ ಕಾಕಾ. ಈ ಕಡಿಯಾಂವ ಆ ಕಡಿದು ಓದ್ತಾನ. ಆ ಕಡಿಯಾಂವಗ ಈ ಕಡಿ ಇರೂದಽ ಕಾಣೂದಿಲ್ಲ. ಕೇಳಿದ್ರ, ಅಲ್ಲೇನಿಲ್ಲ, ಅಳಸಿ ಹಾಕ್ಲೇನು ಅಂತಾನ.”

ನಾನು ಹೇಳಿದ್ದು ಕಂಪ್ಯೂಟರಿನ ಮಾತೇ. ಆದರೂ ಇಬ್ಬರೂ ಒಂದೊಂದು ಕಿಟಕಿ ನೋಡತೊಡಗಿದರು.

ನನ್ನ ಭಾಗ ಅಳಿಸಿದೆ. ಒಂದು ಒತ್ತು, ಅಷ್ಟೇ. ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆ, ಮಿನುಗುವ ಒಂದು ಗೆರೆ. ಯಾರ ಮನೆಗೆ ಎಂದು ಕೇಳುತ್ತಿದ್ದ ಬಾಗಿಲು ಕಾಯುವವನು ನನ್ನ ಕಡೆಯ ಆಳು ಎಂಬುದು ಆಗ ನೆನಪಾಯಿತು. ಮನೆಯೊಂದಿಗೆ ಅವನನ್ನೂ ಹೂತಿದ್ದೆ. ಈಗ ಅಪ್ಪನ ಮನೆಗೂ ದಾರಿಯಿಲ್ಲ. ದಿನಚರಿಯನ್ನು ಎರಡು ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದೆ. ಅಪ್ಪನ ನಾಲ್ಕು ವರ್ಷದ ಮಾತುಗಳನ್ನು ಒಂದಕ್ಕೂ ಇಳಿಸಿರಲಿಲ್ಲ. ನನ್ನ ಸೂಕ್ಷ್ಮತೆಯ ಬಗ್ಗೆ ನನಗಿದ್ದ ಅಭಿಪ್ರಾಯ ಅಂದಿನಿಂದ ತುಸು ಇಳಿದಿದೆ.

“ಹಾಸು ಕಡದು ಕುಂತಿ ಅವ್ವಿ, ಇನ್ನ ಹೊಕ್ಕು ಎಲ್ಲಿ ಹೊಗ್ತೈತಿ?” ಎಂದ ಕಾಕಾ. ಉದ್ದದ ನೂಲೇ ಇಲ್ಲದಿದ್ದರೆ ಅಡ್ಡದ ನೂಲು ಎಲ್ಲಿ ಸೇರಬೇಕು? ನನ್ನ ಮುಖ ಸಣ್ಣದಾಯಿತು. ಅಪ್ಪ ಮಾತ್ರ ಜೇಬಿನಿಂದ ಪೆನ್ನು ತೆಗೆದು, “ತಡಿ, ಇನ್ನೊಮ್ಮೆ ಅನ್ನು” ಎಂದರು. ಪುಸ್ತಕ ಮುಳುಗುತ್ತಿರುವಾಗ ಅದಕ್ಕೊಂದು ಗಾದೆ ಸೇರಿಸುವವರು ಮಾಸ್ತರರಲ್ಲದೆ ಇನ್ಯಾರು?

ದುರಸ್ತಿಗೆ ವಿಂಡೋಸಿನ ಹಳೆಯ ಸಿ.ಡಿ. ಬೇಕು ಎಂದೆ. ಅದು ಅಲಮಾರಿನಲ್ಲಿತ್ತು ಎಂದರು ಅಪ್ಪ. ಕಾಕಾ ತೊಡೆಯ ಕೆಳಗಿನ ಪತ್ರ ಎಳೆದು, ಬೆರಳಿಟ್ಟು ಓದಿದ: ಕಂಪ್ಯೂಟರ್ ಒಂದು, ಅಣ್ಣನಿಗೆ, ಅಲಮಾರು ಒಂದು, ಒಳಗಿನ ಸಾಮಾನು ಸಹಿತ, ತಮ್ಮನಿಗೆ. ಐದು ಮಂದಿ ಹಿರಿಯರು ಕೂತು ಯಂತ್ರವನ್ನು ಒಬ್ಬರಿಗೆ, ಅದರ ಜೀವವನ್ನು ಇನ್ನೊಬ್ಬರಿಗೆ ಕೊಟ್ಟು, ನ್ಯಾಯವಾಯಿತೆಂದು ಊಟಮಾಡಿ ಹೋಗಿದ್ದರು.

ಕಾಕಾ ಹೋಗಿ ಸಿ.ಡಿ. ತಂದ. “ಕೆಲಸ ಆದಿಂದ ವಾಪಸ್ ಕೊಡ್ರಿ. ನಮ್ಮ ವಾಟ್ನಿದು.” ಒಂದು ತಾಸು ಹಿಡಿಯಿತು. ಅಷ್ಟರಲ್ಲಿ ಅಪ್ಪ ಮಗ್ಗದ ಲಾಳಿಯ ಬಗ್ಗೆ ಕೇಳಿದರು, ಕಾಕಾ ತಿದ್ದಿದ, ಅಪ್ಪ ಒಪ್ಪಲಿಲ್ಲ, ಕಾಕಾ ಲಾಳಿಯನ್ನೇ ತಂದು ತೋರಿಸಿದ. ಪರದೆಯ ಮೇಲೆ ಅಪ್ಪನ ಫೈಲುಗಳು ಮರಳಿ ಬಂದಾಗ ಇಬ್ಬರೂ ತಿರುಗಿ ನೋಡಲಿಲ್ಲ. ಕಾಕಾ ಈಗ ಪ್ರತಿ ಐತವಾರ ಪದ ತಿದ್ದಲು ಬರುತ್ತಾನೆ. ಗೋಡೆ ಇದ್ದಲ್ಲೇ ಇದೆ. ಅದನ್ನು ಒಡೆಯುವ ಮಾತನ್ನು ಯಾರೂ ಎತ್ತಿಲ್ಲ, ಸಿ.ಡಿ. ಮಾತ್ರ ನೆನಪಿನಿಂದ ವಾಪಸು ಹೋಯಿತು.

ಕಂಪ್ಯೂಟರು ಈಗ ಏನನ್ನೂ ಕೇಳದೆ ನೇರ ಒಳಗೆ ಕರೆದೊಯ್ಯುತ್ತದೆ. ನಾನು ಒಂದು ವಾರ ಬ್ಯಾಗಿನಲ್ಲಿ ಎರಡು ಪೆನ್‌ಡ್ರೈವ್ ಇಟ್ಟುಕೊಂಡು ಬಸ್ಸಿನಲ್ಲಿ ಅಡ್ಡಾಡಿದೆ, ಮನೆಯಿಲ್ಲದವರ ಹಾಗೆ. ಆಮೇಲೆ ಒಂದು ಸಂಜೆ ಜಮಖಂಡಿಯ ಬಜಾರಿನಲ್ಲಿ ಇಳಿದು ಒಂದು ಚಿಲಕ ಕೊಂಡೆ. ಮನೆಗೆ ಬಂದು ಅಪ್ಪನ ಮುಂದಿಟ್ಟು, ನನ್ನ ಕದಕ್ಕೆ ಇದು ಬೇಕು ಎಂದೆ. ಒಂಬತ್ತು ವರ್ಷ ಹೇಳಲಾಗದ ಮಾತು, ಹೇಳಲು ಎರಡು ಸೆಕೆಂಡು ಸಾಕಾಯಿತು.

ಯಾತಕ್ಕೆ ಎಂದು ಕೇಳುತ್ತಾರೆಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅಪ್ಪ ಸ್ಕ್ರೂಡ್ರೈವರ್ ಹುಡುಕಲು ಎದ್ದರು.

“ಕನ್ನಡಕ ಹಾಕ್ಕೊಂಡ ಬರ್ತೀನಿ ತಡಿ,” ಎಂದರು. “ಇದನ್ನರ ನೆಟ್ಟಗ ಹಚ್ಚಬೇಕು.”