ತುಂಬಿದ ಉಡಿ ಬಿಚ್ಚುವವರು ಯಾರು

1948ರ ಬೇಸಿಗೆಯಲ್ಲಿ ನಾನು ಮಾನವಿ ತಾಲ್ಲೂಕಿನ ತುಂಗಭದ್ರೆ ದಂಡೆಯ ಸುಂಕದ ನಾಕಾದಲ್ಲಿ ಝಡತಿ ಕೆಲಸಕ್ಕಿದ್ದೆ. ಝಡತಿ ಎಂದರೆ ಹೊಳೆ ದಾಟಿ ಬಂದವರ ಮೈ, ಗಂಟು ತಪಾಸಣೆ. ಹೆಂಗಸರನ್ನು ಹೆಂಗಸೇ ನೋಡಬೇಕೆಂದು ನನ್ನನ್ನು ಇಟ್ಟುಕೊಂಡಿದ್ದರು. ನಾನು ಗಬ್ಬೂರಿನ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವಳು, ಹೊರಗಿನವರ ಮುಂದೆ ಮಾತಾಡಲು ಅಂಜುವವಳು. ಮೊಮ್ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡು ವರ್ಷವಾಗಿತ್ತು. ನಿಮ್ಮ ಅವ್ವ ಇನ್ನೂ ಕಂಕುಳ ಕೂಸು. ಆ ಪಗಾರವೇ ನಮ್ಮ ಅನ್ನ.

ಆಚೆ ದಂಡೆ ಸ್ವತಂತ್ರವಾಗಿತ್ತು, ಈಚೆ ಇನ್ನೂ ನಿಜಾಮರ ಆಳ್ವಿಕೆ. ಆಚೆಯ ಶಿಬಿರಗಳಿಂದ ನಿಜಾಮರ ವಿರುದ್ಧದ ಚಳವಳಿಯವರು ದೇವದುರ್ಗ, ರಾಯಚೂರಿನವರೆಗೂ ನುಸುಳುತ್ತಿದ್ದರು. ಗಂಡಸರು ದಾಟುವ ಕಡೆಯೆಲ್ಲ ಬಂದೂಕಿನ ಕಾವಲಿತ್ತು. ಆದರೆ ನಮ್ಮ ಕಡೆಯ ಎಷ್ಟೋ ಸೊಸೆಯರ ತವರು ಆಚೆ ದಂಡೆಯಲ್ಲಿತ್ತು. ಅವರ ಬರಹೋಗು ನಿಂತಿರಲಿಲ್ಲ.

ಒಂದು ಮಧ್ಯಾಹ್ನ ಹೊಸ ಸೊಸೆಯೊಬ್ಬಳು ಬಂದಳು. ತವರಿನವರು ಅಕ್ಕಿ, ಕೊಬ್ಬರಿ, ಅರಿಶಿನಕೊಂಬು ಸೆರಗಿನ ಮಡಿಲಿಗೆ ಹಾಕಿ ಉಡಿ ತುಂಬಿ ಕಳಿಸಿದ್ದರು. ತಟ್ಟಿಯ ಮರೆಯಲ್ಲಿ ಅವಳ ಸೊಂಟ ಸವರುವಾಗ ಉಡಿ ನನ್ನ ಮುಂಗೈಗೆ ತಾಗಿತು. ಅಕ್ಕಿಯಾದರೆ ಒತ್ತಿದಲ್ಲಿ ಸರಿಯುತ್ತದೆ. ಇದು ಸರಿಯಲಿಲ್ಲ. ಬೆರಳುದ್ದದ ಗಟ್ಟಿ ತುಂಡುಗಳು ಒಂದಕ್ಕೊಂದು ಉಜ್ಜಿದವು. ಕಾವಲಿನವರ ಸೊಂಟದ ಪಟ್ಟಿಯಲ್ಲಿ ಅಂಥವನ್ನು ದಿನಾ ನೋಡುತ್ತಿದ್ದೆ, ಬಂದೂಕಿನ ತೋಟಾಗಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾಕಾದ ಅಧಿಕಾರಿ ಅಮೀನ ಸಾಹೇಬರು ಹೊರಗಿನಿಂದ ಕೂಗಿದರು: “ಏ ಬಾಯಿ, ಉಡಿ ಬಿಚ್ಚಿ ನೋಡು.”

ಹೇಳಿದರೆ ಅವಳು ಜೈಲಿಗೆ. ಮುಚ್ಚಿಟ್ಟು ಸಿಕ್ಕರೆ ನಾನೂ ಜೈಲಿಗೆ, ಕೂಸು ಬೀದಿಗೆ. ನಾಲಿಗೆಗೆ ಬಂದದ್ದು ಒಂದೇ ಮಾತು.

“ನಾ ಮುಟ್ಟಂಗಿಲ್ರಿ ಸಾಹೇಬ್ರ. ಗಂಡನ್ನ ಕಳಕೊಂಡಾಕಿ ನಾನು.”

“ಖರೇ ಅದರಿ,” ಎಂದ ಜವಾನ ಹುಸೇನಪ್ಪ. “ಪಾಪ ಮದಲ ನಿಮಗ ಸುತ್ತತದ, ಹೇಳಿದವ್ರಿಗೆ.”

“ಹಂಗಾದ್ರ ಅಕಿನ ಬಿಚ್ಚಲಿ.”

“ಮನಿ ದೇವರ ಮುಂದ ಬಿಚ್ಚೂದ್ರಿ ಇದು,” ಎಂದಳು ಹುಡುಗಿ. “ನಡುದಾರ್ಯಾಗ ಬಿಚ್ಚಿದ್ರ ನಮ್ಮತ್ತಿ ಒಳಗ ಕರಕೊಳ್ಳಂಗಿಲ್ಲ. ಆಮ್ಯಾಲ ನೀವ ಕೂಳ ಹಾಕ್ತೀರೇನ್ರಿ?”

ಹುಸೇನಪ್ಪ ಮುಖ ತಿರುಗಿಸಿ ನಕ್ಕ. ಸಾಹೇಬರು ನಗಲಿಲ್ಲ. “ಕುಂಡ್ರು ಇಲ್ಲೇ. ಮುತ್ತೈದಿ ಯಾರರ ಬರ್ಲಿ, ಅಕಿ ಕೈಲೆ ಬಿಚ್ಚಸ್ತೀನಿ.”

ಅವಳು ಬೇವಿನ ನೆರಳಲ್ಲಿ ಕುಳಿತಳು. ನಾನು ಹೊಳೆ ನೋಡುತ್ತ ನಿಂತೆ. ಮುದುಕನೊಬ್ಬ ಬಂದ, ಎಮ್ಮೆಗಳು ಬಂದವು. ಹೆಂಗಸು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದಾಗಲೇ ಮರಳಿನ ಮೇಲೆ ಬುಟ್ಟಿ ಹೊತ್ತ ಹಸಿರು ಸೀರೆ ಕಂಡಿತು. ಸೌತೆಕಾಯಿ ಮಾರುವ ಕಲ್ಲೂರಿನ ಹೆಂಗಸು. ಹಣೆಯ ಮೇಲೆ ಕಾಸಗಲ ಕುಂಕುಮ.

ಸಾಹೇಬರು ಅಪ್ಪಣೆ ಕೊಟ್ಟರು. ಅವಳು ಬುಟ್ಟಿ ಇಳಿಸಿ ಹುಡುಗಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು. ಗಂಟಿಗೆ ಕೈ ಹಾಕಿದಳು. ಮೇಲಿನ ಸೆರಗಷ್ಟೇ ಸಡಿಲಿಸಿ, ಎರಡು ಎಳೆ ಸೌತೆಕಾಯಿ ಒಳಗಿಟ್ಟು, ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು.

“ಬಿಚ್ಚು ಅಂದ್ರ ಏನ್ ಮಾಡಾಕತ್ತಿ ಬೇ?”

“ತುಂಬಿದ ಉಡಿ ಮುಟ್ಟಿದ್ರ ತುಂಬಬೇಕ್ರಿ ಯಪ್ಪಾ. ಬಿಚ್ಚೂದು ನಮ್ಮವ್ವ ಕಲಿಸಿಲ್ಲ. ನಿಮಗೂ ಒಂದು ಕಾಯಿ ಕೊಡ್ಲೇನು, ಬಿಸಿಲು ಭಾಳ ಅದ.”

ಸಾಹೇಬರು ಕಾಯಿ ತೆಗೆದುಕೊಂಡರು. ಹುಡುಗಿಗೆ ಹೋಗು ಎಂದು ಕೈ ಬೀಸಿದರು. ಅವಳು ಹಿಂತಿರುಗಿ ನೋಡದೆ ನಡೆದಳು. ಕಲ್ಲೂರಿನವಳಿಗೆ ಏನಾದರೂ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಸಂಜೆ ಸಾಹೇಬರು ನನ್ನನ್ನು ಕರೆದರು. “ಮುತ್ತೈದೇರ ಉಡಿ ಮುಟ್ಟಂಗಿಲ್ಲ ಅಂದ್ರ ನೀ ಯಾಕ ಬೇಕು ಇಲ್ಲಿ?” ಅಲ್ಲಿಗೆ ಕೆಲಸ ಹೋಯಿತು. ಕೂಸನ್ನೆತ್ತಿಕೊಂಡು ರಾಯಚೂರಿಗೆ ಬಂದು ಹತ್ತಿ ಜಿನ್ನಿನಲ್ಲಿ ಕೂಲಿಗೆ ನಿಂತೆ. ಮಳೆಗಾಲದ ಕೊನೆಗೆ ನಿಜಾಮರ ಆಳ್ವಿಕೆ ಮುಗಿಯುವವರೆಗೂ, ಎಲ್ಲಿ ಗುಂಡು ಹಾರಿತೆಂದು ಕೇಳಿದರೂ ಆ ಉಡಿಯೇ ನೆನಪಾಗುತ್ತಿತ್ತು. ಆ ತೋಟಾಗಳು ಯಾರಿಗೆ ತಾಗಿದವೋ, ಯಾರನ್ನು ಕಾದವೋ, ಇಂದಿಗೂ ತಿಳಿಯದು.

ಸರ್ಕಾರ ಹೊಳೆಯ ನಡುವೆ ಗಡಿ ಎಳೆಯಬಲ್ಲದು. ತವರಿಗೂ ಗಂಡನ ಮನೆಗೂ ನಡುವಿನ ದಾರಿ ಕಾಯಲು ಮಾತ್ರ ಅದಕ್ಕೆ ನಮ್ಮಂಥವರ ಕೈಯೇ ಬೇಕು. ಮಕ್ಕಳೇ, ನೀವು ಯಾವ ನೌಕರಿ ಹಿಡಿದರೂ ನಿಮ್ಮ ಕೈಯಿಂದ ಏನು ಬಿಚ್ಚಿಸುತ್ತಿದ್ದಾರೆ ಎಂದು ನೋಡಿಕೊಳ್ಳಿ.